ಮಡಿಲಿನಿಂದ ಮೇಜಿಗೆ

ಕೆಟ್ಟ ಲ್ಯಾಪ್‌ಟಾಪು ಇಡಿಯಾಗಿ ಕೆಟ್ಟಿರುವುದು ಅಪರೂಪ. ಹೆಚ್ಚಿನ ಸಂದರ್ಭಗಳಲ್ಲಿ ಅದರ ಮದರ್‌ಬೋರ್ಡಿನಲ್ಲಿ ವಿದ್ಯುತ್ ಹಂಚುವ ಯಾವುದೋ ಒಂದು ಚಿಪ್ಪು ಸುಟ್ಟಿರುತ್ತದೆ, ಇಲ್ಲವೆ ಮುಚ್ಚಳದ ಕೀಲು ತಾನು ಕಚ್ಚಿಕೊಂಡಿದ್ದ ಪ್ಲಾಸ್ಟಿಕ್ಕನ್ನೇ ಕಿತ್ತುಕೊಂಡು ಹೊರಬಂದಿರುತ್ತದೆ, ಅದೂ ಅಲ್ಲವಾದರೆ ಚಹಾದ ಲೋಟವೊಂದು ಕೀಲಿಮಣೆಯ ಮೇಲೆ ಮಗುಚಿರುತ್ತದೆ. ಮೆಮೊರಿ, ಡ್ರೈವ್, ತೆರೆ, ವೈ-ಫೈ ಕಾರ್ಡು ಮುಂತಾದ ಉಳಿದ ಭಾಗಗಳಿಗೆ ಆ ಅಪಘಾತದ ಸುದ್ದಿಯೇ ಮುಟ್ಟಿರುವುದಿಲ್ಲ. ಬೋರ್ಡು ಬದಲಿಸುವ ಖರ್ಚು ಯಂತ್ರಕ್ಕೆ ಉಳಿದಿರುವ ಬೆಲೆಯನ್ನು ಮೀರುವುದರಿಂದ ಯಜಮಾನನು ಅದನ್ನು ದುರಸ್ತಿಗೆ ಕೊಡುವುದಿಲ್ಲ, ಕೊಂಡಾಗಿನ ಬೆಲೆಯ ನೆನಪು ಮಾಸದಿರುವುದರಿಂದ ಎಸೆಯುವುದೂ ಇಲ್ಲ. ಹೀಗಾಗಿ ಅದು ಕೆಲವು ವರ್ಷ ಅಟ್ಟದ ಮೇಲಿದ್ದು, ದೀಪಾವಳಿಯ ಮುಂಚಿನ ಯಾವುದೋ ಒಂದು ಮನೆ ಸ್ವಚ್ಛಮಾಡುವ ದಿನ ಗುಜರಿಯವನ ಗಾಡಿ ಸೇರುತ್ತದೆ. ಅಟ್ಟಕ್ಕೂ ಗುಜರಿಗೂ ನಡುವಿನ ಈ ಬಿಡುವಿನಲ್ಲಿ ಆ ಯಂತ್ರವನ್ನು ಬಿಚ್ಚಿ, ಅದರಲ್ಲಿ ಬದುಕಿರುವುದನ್ನು ಆರಿಸಿ, ಉಳಿದದ್ದನ್ನು ಪೇಟೆಯಿಂದ ತಂದು ಕಡಮೆ ಖರ್ಚಿನ ಡೆಸ್ಕ್‌ಟಾಪನ್ನು ಕಟ್ಟುವ ವಿದ್ಯೆಯೊಂದಿದೆ. ಮಹಾನಗರವೂ ಅಲ್ಲದ, ಸಣ್ಣ ಊರೂ ಅಲ್ಲದ ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರದಂಥ ಊರುಗಳಿಗೆ ಅದು ಸಹಜವಾಗಿ ಒಗ್ಗುತ್ತದೆ.

ಈ ಎರಡು ನಗರಗಳೂ ಕನ್ನಡದ ಓದುಗರಿಗೆ ತೀರ ಹೊರಗಿನವಲ್ಲ. ಕವಿರಾಜಮಾರ್ಗವು ಕನ್ನಡನಾಡಿನ ಬಡಗಣ ಮೇರೆಯೆಂದು ಗುರುತಿಸುವ ಗೋದಾವರಿ ನಾಸಿಕ್‌ನ ಪಂಚವಟಿಯನ್ನು ಒರಸಿಕೊಂಡು ಹರಿಯುತ್ತದೆ. ರಾಷ್ಟ್ರಕೂಟರ ಒಂದನೆಯ ಕೃಷ್ಣನ ಹೆಸರಿನೊಡನೆ ಬೆಸೆದಿರುವ ಎಲ್ಲೋರದ ಕೈಲಾಸ ದೇವಾಲಯ ಸಂಭಾಜಿನಗರದಿಂದ ಸುಮಾರು 30 ಕಿ.ಮೀ. ದೂರದಲ್ಲಿದೆ; 2023ರವರೆಗೆ ಔರಂಗಾಬಾದ್ ಎಂದು ಕರೆಸಿಕೊಳ್ಳುತ್ತಿದ್ದ ಈ ನಗರವೂ ಬೀದರ, ಕಲಬುರಗಿ, ರಾಯಚೂರುಗಳೂ 1956ರವರೆಗೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಸಂಭಾಜಿನಗರ ಜಿಲ್ಲೆಯಲ್ಲಿ ಕನ್ನಡ ಎಂಬ ಹೆಸರಿನ ತಾಲ್ಲೂಕೊಂದಿದೆ, ಅಲ್ಲಿಯ ಜನ ಆಡುವುದು ಮಾತ್ರ ಮರಾಠಿ. ಬೆಂಗಳೂರಿನಲ್ಲಿ ಬೇರುಬಿಟ್ಟ ಎಚ್‌ಎಎಲ್‌ನ ವಿಮಾನ ಕಾರ್ಖಾನೆ 1964ರಿಂದ ನಾಸಿಕ್ ಬಳಿಯ ಓಝರ್‌ನಲ್ಲಿದೆ, ಬೆಂಗಳೂರಿಗರು ಮೈಕೊ ಎಂದೇ ಕರೆಯುವ ಇಂದಿನ ಬಾಷ್‌ನ ಕಾರ್ಖಾನೆಯೂ ಆ ಊರಿನಲ್ಲಿದೆ. ಬೆಂಗಳೂರಿನಿಂದ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ಸು ಮನಮಾಡ್ ಜಂಕ್ಷನ್ನಿಗೆ ಬಂದಾಗ ಇಳಿದು ಒಂದು ದಿಕ್ಕಿಗೆ 73 ಕಿ.ಮೀ. ಹೋದರೆ ನಾಸಿಕ್ ರೋಡ್ ನಿಲ್ದಾಣ, ಇನ್ನೊಂದು ದಿಕ್ಕಿಗೆ 113 ಕಿ.ಮೀ. ಹೋದರೆ ಸಂಭಾಜಿನಗರ.

ಕಂಪ್ಯೂಟರಿನ ಬೇಡಿಕೆ ಇಲ್ಲಿ ಎರಡು ಕಡೆಯಿಂದ ಬರುತ್ತದೆ. 1962ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ ವಸಾಹತುಗಳು, ಅಂದರೆ ನಾಸಿಕ್‌ನ ಸಾತಪುರ ಮತ್ತು ಅಂಬಡ, ಸಂಭಾಜಿನಗರದ ಚಿಕಲಠಾಣಾ ಮತ್ತು ವಾಳೂಜ್, ದೊಡ್ಡ ಕಾರ್ಖಾನೆಗಳ ಸುತ್ತ ನೂರಾರು ಸಣ್ಣ ಘಟಕಗಳನ್ನು ಬೆಳೆಸಿವೆ. ನಾಲ್ಕು ಲೇತು ಯಂತ್ರಗಳಿರುವ ಇಂಥ ಘಟಕದ ಕಚೇರಿಯ ಮೂಲೆಯಲ್ಲಿಯೂ ಬಿಲ್ಲು ಮಾಡುವುದಕ್ಕೆ, ಜಿಎಸ್‌ಟಿ ವಿವರ ತುಂಬುವುದಕ್ಕೆ, ದೊಡ್ಡ ಕಾರ್ಖಾನೆಯವರು ಕಳುಹಿಸಿದ ನಕ್ಷೆಯನ್ನು ತೆರೆದು ನೋಡುವುದಕ್ಕೆ ಒಂದು ಕಂಪ್ಯೂಟರು ಬೇಕೇಬೇಕು, ಆದರೆ ಅದರ ಮೇಲೆ ಹೆಚ್ಚು ಹಣ ಹಾಕುವ ಮನಸ್ಸು ಲೇತಿನ ಒಡೆಯನಿಗೆ ಇರುವುದಿಲ್ಲ. ಇನ್ನೊಂದು ಕಡೆ ವಿದ್ಯಾರ್ಥಿಗಳಿದ್ದಾರೆ. ಸಂಭಾಜಿನಗರದಲ್ಲಿ 1958ರಲ್ಲಿ ಹುಟ್ಟಿದ ಮರಾಠವಾಡಾ ವಿಶ್ವವಿದ್ಯಾಲಯವಿದೆ, ನಾಸಿಕ್‌ನಲ್ಲಿ 1989ರಲ್ಲಿ ಹುಟ್ಟಿದ ಯಶವಂತರಾವ್ ಚವ್ಹಾಣ್ ಮುಕ್ತ ವಿಶ್ವವಿದ್ಯಾಲಯವಿದೆ, ಎರಡೂ ಕಡೆ ಎಂಜಿನಿಯರಿಂಗ್ ಕಾಲೇಜುಗಳಿವೆ. ಇವೆಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ, 2001ರಲ್ಲಿ ಆರಂಭವಾದ ಮಹಾರಾಷ್ಟ್ರ ಜ್ಞಾನ ನಿಗಮವು ರೂಪಿಸಿದ ಎಂಎಸ್‌-ಸಿಐಟಿ ಎಂಬ ಕಂಪ್ಯೂಟರ್ ಸಾಕ್ಷರತೆಯ ಪಾಠಕ್ರಮವನ್ನು ನಡೆಸುವ ತರಗತಿಗಳು ತಾಲ್ಲೂಕು ತಾಲ್ಲೂಕಿಗೂ ಹರಡಿವೆ. ಇಂಥ ತರಗತಿಯಲ್ಲಿ ಮೌಸ್ ಹಿಡಿಯಲು ಕಲಿತ ಹುಡುಗಿ ಮನೆಗೆ ಬಂದು ಕೇಳುವ ಯಂತ್ರಕ್ಕೂ ಅವಳ ತಂದೆಯ ಸಂಬಳಕ್ಕೂ ಇರುವ ಅಂತರವನ್ನು ತುಂಬುವುದೇ ಹಳೆಯ ಭಾಗಗಳ ವ್ಯಾಪಾರ.

ಆ ವ್ಯಾಪಾರಕ್ಕೊಂದು ಭೂಗೋಳವಿದೆ. ಮುಂಬೈನ ಗ್ರಾಂಟ್ ರೋಡ್ ಬಳಿಯ ಲ್ಯಾಮಿಂಗ್ಟನ್ ರಸ್ತೆ ಇದರ ಮೂಲಪೇಟೆ, ಬೆಂಗಳೂರಿನವರು ಎಸ್.ಪಿ. ರಸ್ತೆಯನ್ನು ನೆನೆದುಕೊಂಡರೆ ಲ್ಯಾಮಿಂಗ್ಟನ್ ರಸ್ತೆಯನ್ನು ಬೇರೆ ವರ್ಣಿಸಬೇಕಾಗಿಲ್ಲ. ನಾಸಿಕ್‌ನ ಮಹಾತ್ಮಾ ಗಾಂಧಿ ರಸ್ತೆ ಮತ್ತು ಕೆನಡಾ ಕಾರ್ನರ್, ಸಂಭಾಜಿನಗರದ ಪೈಠಣ್ ಗೇಟ್ ಮತ್ತು ಸಿಡ್ಕೊ ಬಡಾವಣೆಯ ಕನ್ನಾಟ್ ಭಾಗಗಳ ಅಂಗಡಿಗಳಲ್ಲಿ ಹೊಸ ಮಾಲಿನ ಜತೆಗೇ ಮೊಬೈಲು ಹಾಗೂ ಕಂಪ್ಯೂಟರಿನ ದುರಸ್ತಿ ನಡೆಯುತ್ತದೆ. ಬೋರ್ಡಿನ ಮೇಲಿನ ಒಂದೊಂದೇ ಚಿಪ್ಪನ್ನು ಬಿಸಿಗಾಳಿಯಿಂದ ಕಿತ್ತು ಬೇರೆಯದನ್ನು ಬೆಸೆಯುವ ಕೆಲಸಕ್ಕೆ ದುರಸ್ತಿಗಾರರಲ್ಲಿ ಚಿಪ್‌ಲೆವೆಲ್ ಎಂಬ ಹೆಸರಿದೆ, ಅದನ್ನು ಬಲ್ಲವನಿಗೆ ಬರೀ ಸ್ಕ್ರೂ ತಿರುಗಿಸುವವನಿಗಿಂತ ಒಂದು ಕೈ ಹೆಚ್ಚು ಮರ್ಯಾದೆಯಿದೆ. ಚಿಪ್‌ಲೆವೆಲ್‌ನವನೂ ಕೈಚೆಲ್ಲಿದ ಬೋರ್ಡನ್ನು ಡೆಡ್ ಎನ್ನುತ್ತಾರೆ. ಡೆಸ್ಕ್‌ಟಾಪ್ ಕಟ್ಟುವವನ ಕೆಲಸ ಸುರುವಾಗುವುದು ಆ ತೀರ್ಪಿನ ನಂತರ.

ಬಿಚ್ಚಿದ ಯಂತ್ರದ ಭಾಗಗಳನ್ನು ಮೇಜಿನ ಮೇಲೆ ಹರಡಿದಾಗ, ಯಾವುದು ಉಳಿಯಬೇಕು ಯಾವುದು ಹೋಗಬೇಕು ಎಂಬುದನ್ನು ತೀರ್ಮಾನಿಸುವುದು ಆ ಭಾಗದ ಗುಣವೂ ಅಲ್ಲ, ವಯಸ್ಸೂ ಅಲ್ಲ. ಅದರ ಕನೆಕ್ಟರು, ಅಂದರೆ ಒಂದು ಭಾಗವನ್ನು ಇನ್ನೊಂದಕ್ಕೆ ಜೋಡಿಸುವ ಪಿನ್ನುಗಳ ಬಾಯಿ. ಡೆಸ್ಕ್‌ಟಾಪು ಬಹಿರಂಗ ಒಪ್ಪಂದಗಳ ಮೇಲೆ ನಿಂತ ಯಂತ್ರ. 1981ರಲ್ಲಿ ಬಂದ ಐಬಿಎಂ ಪಿಸಿಯ ರಚನೆ ಬೇರೆಯವರೂ ಅನುಸರಿಸುವಷ್ಟು ತೆರೆದಿದ್ದುದರಿಂದ ಒಬ್ಬರು ಮಾಡಿದ ಕಾರ್ಡು ಇನ್ನೊಬ್ಬರು ಮಾಡಿದ ಬೋರ್ಡಿಗೆ ಕೂರುವ ಪದ್ಧತಿ ನೆಲೆಗೊಂಡಿತು. 1995ರಲ್ಲಿ ಇಂಟೆಲ್ ಪ್ರಕಟಿಸಿದ ಎಟಿಎಕ್ಸ್ ಎಂಬ ವಿನ್ಯಾಸವು ಬೋರ್ಡಿನ ಅಳತೆಯನ್ನೂ ಸ್ಕ್ರೂ ತೂತುಗಳ ಜಾಗವನ್ನೂ ನಿಗದಿಮಾಡಿದ್ದರಿಂದ, ಇಪ್ಪತ್ತು ವರ್ಷ ಹಳೆಯದಾದ ಲೋಹದ ಕ್ಯಾಬಿನೆಟ್ಟಿನಲ್ಲಿಯೂ ಇಂದಿನ 244 ಮಿ.ಮೀ. ಚೌಕದ ಮೈಕ್ರೊ-ಎಟಿಎಕ್ಸ್ ಬೋರ್ಡನ್ನು ಕೂರಿಸಬಹುದು. ಲ್ಯಾಪ್‌ಟಾಪು ಅರ್ಧ ಒಪ್ಪಂದ, ಅರ್ಧ ಸ್ವೇಚ್ಛೆ. ಅದರ ಬೋರ್ಡಿನ ಆಕಾರ, ಫ್ಯಾನಿನ ಬಾಗು, ಕೀಲಿಮಣೆಯ ಪಟ್ಟಿತಂತಿ ಎಲ್ಲವೂ ಆಯಾ ಮಾದರಿಗೆ ಮಾತ್ರ ಹೊಂದುವಂಥವು. ಹೊರಗಿನಿಂದ ಕೊಂಡು ತಂದು ಕೂರಿಸುವ ಭಾಗಗಳಲ್ಲಿ ಮಾತ್ರ ತಯಾರಕನು ಜಗತ್ತಿನ ಒಪ್ಪಂದಕ್ಕೆ ತಲೆಬಾಗಿರುತ್ತಾನೆ. ಹಳೆಯ ಲ್ಯಾಪ್‌ಟಾಪಿನ ಆಸ್ತಿಯೆಂದರೆ ಹೀಗೆ ತಲೆಬಾಗಿದ ಭಾಗಗಳಷ್ಟೇ.

ಅವುಗಳಲ್ಲಿ ಅತ್ಯಂತ ಸರಳವಾದದ್ದು ಡ್ರೈವ್. 2003ರಲ್ಲಿ ಬಂದ ಸಾಟಾ ಎಂಬ ಜೋಡಣೆಯು ಮಾಹಿತಿಗೆ 7, ವಿದ್ಯುತ್ತಿಗೆ 15 ಪಿನ್ನುಗಳನ್ನು ಗೊತ್ತುಮಾಡಿದ್ದು, ಲ್ಯಾಪ್‌ಟಾಪಿನ ಎರಡೂವರೆ ಅಂಗುಲದ ಡ್ರೈವಿಗೂ ಡೆಸ್ಕ್‌ಟಾಪಿನ ಮೂರೂವರೆ ಅಂಗುಲದ ಡ್ರೈವಿಗೂ ಅದೇ ಬಾಯಿಯಿದೆ. ಆದಕಾರಣ ಲ್ಯಾಪ್‌ಟಾಪಿನಿಂದ ತೆಗೆದ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದೆ ಚಿಪ್ಪುಗಳಲ್ಲಿ ಮಾಹಿತಿಯನ್ನಿಡುವ ಡ್ರೈವ್, ಯಾವ ಅಡಾಪ್ಟರೂ ಇಲ್ಲದೆ ಡೆಸ್ಕ್‌ಟಾಪಿಗೆ ಸೇರುತ್ತದೆ. ಕ್ಯಾಬಿನೆಟ್ಟಿನಲ್ಲಿ ಅದಕ್ಕೆ ತಕ್ಕ ಜಾಗವಿಲ್ಲದಿದ್ದರೆ ಎರಡು ಬದಿಯ ಅಂಟುಪಟ್ಟಿಯಿಂದ ಒಳಗೋಡೆಗೆ ಅಂಟಿಸಿದರೂ ನಡೆಯುತ್ತದೆ, ತಿರುಗುವ ತಟ್ಟೆಯ ಹಾರ್ಡ್‌ಡಿಸ್ಕಿಗೆ ಮಾತ್ರ ಆ ಸಲಿಗೆ ಸಲ್ಲದು. ಎಂ.2 ಎಂಬ ಹೊಸ ಬಗೆಯ ಡ್ರೈವಿನಲ್ಲಿ ವಿಷಯ ಇಷ್ಟು ನೇರವಿಲ್ಲ. 22 ಮಿ.ಮೀ. ಅಗಲ, 80 ಮಿ.ಮೀ. ಉದ್ದದ ಆ ಪಟ್ಟಿಯ ಮೇಲೆ ಎರಡು ಬೇರೆ ಭಾಷೆಗಳಿರಬಹುದು: ಒಂದು ಹಳೆಯ ಸಾಟಾ, ಇನ್ನೊಂದು ಅದಕ್ಕಿಂತ ಹಲವು ಪಟ್ಟು ವೇಗದ ಎನ್‌ವಿಎಂಇ; ಹೊರನೋಟಕ್ಕೆ ಹೆಚ್ಚುಕಡಮೆ ಒಂದೇ ಥರ ಕಾಣುವ ಇವುಗಳಲ್ಲಿ ಬೋರ್ಡು ಯಾವುದನ್ನು ಬಲ್ಲದು ಎಂಬುದನ್ನು ಮೊದಲೇ ವಿಚಾರಿಸಬೇಕು. ಹಳೆಯ ಪೇಟೆಯಲ್ಲಿ ಅಗ್ಗವಾಗಿ ಸಿಗುವ ಎಚ್61, ಎಚ್81 ಬಗೆಯ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಎಂ.2 ಬಾಯಿಯೇ ಇರುವುದಿಲ್ಲ. ಅಡಾಪ್ಟರ್ ಕಾರ್ಡಿನಿಂದ ಜೋಡಿಸಿದರೆ ಡ್ರೈವ್ ಕಾಣಿಸಿಕೊಳ್ಳುತ್ತದಾದರೂ ಯಂತ್ರವು ಅದರಿಂದಲೇ ಎಚ್ಚರಗೊಳ್ಳಲು ಒಪ್ಪದಿರುವುದೇ ಹೆಚ್ಚು.

ಮೆಮೊರಿಯ ಕಥೆ ಇದಕ್ಕಿಂತ ಸ್ವಾರಸ್ಯವಾದದ್ದು, ಏಕೆಂದರೆ ಇಲ್ಲಿ ಒಪ್ಪಂದವೂ ಇದೆ, ಅಡ್ಡಗೋಡೆಯೂ ಇದೆ. ಮೆಮೊರಿಯ ಮಾನಕಗಳನ್ನು ನಿಗದಿಮಾಡುವ ಜೆಡೆಕ್ ಎಂಬ ಸಂಸ್ಥೆ ಡೆಸ್ಕ್‌ಟಾಪಿಗೆ ಡಿಮ್ ಎಂಬ ಉದ್ದನೆಯ ಪಟ್ಟಿಯನ್ನೂ ಲ್ಯಾಪ್‌ಟಾಪಿಗೆ ಎಸ್‌ಒ-ಡಿಮ್ ಎಂಬ ಗಿಡ್ಡ ಪಟ್ಟಿಯನ್ನೂ ಗೊತ್ತುಮಾಡಿದೆ. ಮೊದಲನೆಯದು ಸುಮಾರು 133 ಮಿ.ಮೀ., ಎರಡನೆಯದು ಸುಮಾರು 68 ಮಿ.ಮೀ., ಎಂದರೆ ಸರಿಸುಮಾರು ಅರ್ಧ. ಡಿಡಿಆರ್4 ತಲೆಮಾರಿನಲ್ಲಿ ಉದ್ದದ್ದಕ್ಕೆ 288 ಪಿನ್ನು, ಗಿಡ್ಡದ್ದಕ್ಕೆ 260. ಡಿಡಿಆರ್3ರಲ್ಲಿ 240 ಮತ್ತು 204. ತಲೆಮಾರು ಬದಲಾದಂತೆ ಪಟ್ಟಿಯ ಅಂಚಿನ ಕಚ್ಚು ಜಾಗ ಬದಲಿಸುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರದು, ವೋಲ್ಟೇಜೂ ಡಿಡಿಆರ್3ರ 1.5ರಿಂದ ಡಿಡಿಆರ್4ರ 1.2ಕ್ಕೆ ಇಳಿದಿದೆ. ಆದರೆ ಒಂದೇ ತಲೆಮಾರಿನ ಉದ್ದ ಪಟ್ಟಿಯ ಮೇಲೂ ಗಿಡ್ಡ ಪಟ್ಟಿಯ ಮೇಲೂ ಕೂತಿರುವ ಚಿಪ್ಪುಗಳು ಒಂದೇ ಜಾತಿಯವು. ಈ ಸಾಮ್ಯವನ್ನೇ ನೆಚ್ಚಿಕೊಂಡು ಗಿಡ್ಡ ಪಟ್ಟಿಯನ್ನು ಉದ್ದನೆಯ ಬಾಯಿಗೆ ಕೂರಿಸುವ ಅಡಾಪ್ಟರುಗಳು ಪೇಟೆಯಲ್ಲಿವೆ. ಡಿಡಿಆರ್3ರ ಮಟ್ಟಿಗೆ ಅವು ಸಾಮಾನ್ಯವಾಗಿ ಕೆಲಸಮಾಡುತ್ತವೆ, ಡಿಡಿಆರ್4ರ ವೇಗದಲ್ಲಿ ಸಂಕೇತವು ಹಾದುಹೋಗಬೇಕಾದ ದಾರಿಯ ಒಂದೊಂದು ಮಿಲಿಮೀಟರೂ ಲೆಕ್ಕಕ್ಕೆ ಬರುವುದರಿಂದ ಯಂತ್ರ ಒಮ್ಮೆ ಎದ್ದು ಇನ್ನೊಮ್ಮೆ ಮಲಗುವ ಸಂಭವ ಹೆಚ್ಚು. ಕಚೇರಿಯ ಲೆಕ್ಕಪತ್ರವನ್ನು ಇಂಥ ಅಡಾಪ್ಟರಿನ ಮೇಲೆ ನಿಲ್ಲಿಸುವುದು ಉಳಿತಾಯವಲ್ಲ, ಜೂಜು.

2025ರ ಕೊನೆಯ ತಿಂಗಳುಗಳಲ್ಲಿ ಈ ಗಿಡ್ಡ ಪಟ್ಟಿಗಳಿಗೆ ಇದ್ದಕ್ಕಿದ್ದಂತೆ ಯೋಗ ಕುದುರಿತು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳಿಗಾಗಿ ಮೆಮೊರಿ ಚಿಪ್ಪುಗಳನ್ನು ತಯಾರಿಸುವುದರಲ್ಲಿ ಹೆಚ್ಚು ಲಾಭ ಕಂಡ ಕಂಪನಿಗಳು ಸಾಮಾನ್ಯ ಗ್ರಾಹಕರತ್ತ ಹರಿಯುತ್ತಿದ್ದ ಸರಕನ್ನು ಬಿಗಿಮಾಡಿದವು, ಬೆಲೆ ಜಗತ್ತಿನಾದ್ಯಂತ ಏರಿತು, ಮೈಕ್ರಾನ್ ಕಂಪನಿಯಂತೂ ಡಿಸೆಂಬರಿನಲ್ಲಿ ಕ್ರೂಶಿಯಲ್ ಎಂಬ ತನ್ನ ಗ್ರಾಹಕ ಮಾಲಿನ ವ್ಯಾಪಾರದಿಂದಲೇ ಹೊರಬರುವುದಾಗಿ ಸಾರಿತು. ಅಮೆರಿಕದ ಯಾವುದೋ ಮರುಭೂಮಿಯಲ್ಲಿ ಏಳುವ ಗಣಕಶಾಲೆಗೂ ಪೈಠಣ್ ಗೇಟಿನ ಅಟ್ಟದ ಲ್ಯಾಪ್‌ಟಾಪಿಗೂ ಸಂಬಂಧವಿದೆಯೆಂದು ಅದಕ್ಕೆ ಮುಂಚೆ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ.

ಅಡಾಪ್ಟರಿನ ಜೂಜಿಗಿಂತ ಉತ್ತಮವಾದ ದಾರಿಯೆಂದರೆ ಗಿಡ್ಡ ಪಟ್ಟಿಯನ್ನೇ ಬೇಡುವ ಡೆಸ್ಕ್‌ಟಾಪ್ ಬೋರ್ಡನ್ನು ಹುಡುಕುವುದು, ಮತ್ತು ಅಂಥ ಬೋರ್ಡುಗಳು ಇವೆ ಎಂಬುದೇ ಬಹಳ ಜನರಿಗೆ ತಿಳಿಯದು. 170 ಮಿ.ಮೀ. ಚೌಕದ ತೆಳು ಮಿನಿ-ಐಟಿಎಕ್ಸ್ ಎಂಬ ಮಾದರಿ ಮೂಲತಃ ಪರದೆಯ ಬೆನ್ನಿಗೇ ಕಂಪ್ಯೂಟರನ್ನು ಅಡಗಿಸುವ ಯಂತ್ರಗಳಿಗಾಗಿ ರೂಪುಗೊಂಡದ್ದು. ಅದು ಎಸ್‌ಒ-ಡಿಮ್ ಮೆಮೊರಿಯನ್ನು ಬಳಸುತ್ತದೆ, 19 ವೋಲ್ಟಿನ ಒಂದೇ ನೇರ ವಿದ್ಯುತ್ತಿನಿಂದ ನಡೆಯುತ್ತದೆ, ಅಂಥ ಅನೇಕ ಬೋರ್ಡುಗಳಲ್ಲಿ ಲ್ಯಾಪ್‌ಟಾಪಿನ ತೆರೆಯನ್ನು ನೇರವಾಗಿ ಜೋಡಿಸುವ ಬಾಯಿಯೂ ಇರುತ್ತದೆ. ಹೀಗಾಗಿ ಹಳೆಯ ಲ್ಯಾಪ್‌ಟಾಪಿನ ಮೆಮೊರಿ, ಡ್ರೈವ್, ತೆರೆಗಳಷ್ಟೇ ಅಲ್ಲದೆ ಅದರ ಚಾರ್ಜರು ಕೂಡ, ಪಿನ್ನಿನ ಗಾತ್ರ ಹೊಂದಿದರೆ, ಹೊಸ ಮನೆಯಲ್ಲಿ ಕೆಲಸಕ್ಕೆ ಬರುತ್ತದೆ. ಈ ಬೋರ್ಡುಗಳು ಬಿಡಿಯಾಗಿ ಸಿಗುವುದು ಕಷ್ಟ. ದೊಡ್ಡ ಕಚೇರಿಗಳು ಮೂರು ನಾಲ್ಕು ವರ್ಷ ಬಳಸಿ ಒಟ್ಟಿಗೆ ಹೊರಹಾಕುವ ಪುಸ್ತಕದ ಗಾತ್ರದ ಡೆಸ್ಕ್‌ಟಾಪುಗಳು, ಅಂದರೆ ಲೆನೊವೊದ ಟೈನಿ, ಡೆಲ್‌ನ ಮೈಕ್ರೊ, ಎಚ್‌ಪಿಯ ಮಿನಿ ಮುಂತಾದವು, ಹಳೆಯ ಮಾಲಿನ ಪೇಟೆಯಲ್ಲಿ ಸುಲಭವಾಗಿ ಸಿಗುತ್ತವೆ. ಇವುಗಳ ಒಳಗೂ ಲ್ಯಾಪ್‌ಟಾಪಿನ ಮೆಮೊರಿಯೇ ಇರುವುದರಿಂದ ಮೆಮೊರಿ ಮತ್ತು ಡ್ರೈವ್ ಇಲ್ಲದ ಖಾಲಿ ಪೆಟ್ಟಿಗೆಯೊಂದನ್ನು ಕೊಂಡು ಮನೆಯಲ್ಲಿದ್ದ ಪಟ್ಟಿಗಳನ್ನು ಅದರಲ್ಲಿ ಕೂರಿಸುವುದು ಕಟ್ಟುವ ಹೆಮ್ಮೆಯನ್ನು ಕೊಂಚ ಕಡಮೆಮಾಡಿದರೂ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಂದೆ ನಿಲ್ಲುತ್ತದೆ.

ತೆರೆಯ ವಿಷಯದಲ್ಲಿ ಉತ್ಸಾಹಿಗಳು ಹೆಚ್ಚು, ಲಾಭ ಕಡಮೆ. ಲ್ಯಾಪ್‌ಟಾಪಿನ ಪ್ಯಾನೆಲ್ಲಿಗೆ ಎಚ್‌ಡಿಎಂಐ ಗೊತ್ತಿಲ್ಲ. ಹಳೆಯವು ಎಲ್‌ವಿಡಿಎಸ್ ಎಂಬ ಸಂಕೇತವನ್ನೂ ಈಚಿನ ಸುಮಾರು ಒಂದು ದಶಕದವು ಇಡಿಪಿ ಎಂಬ ಸಂಕೇತವನ್ನೂ ಮಾತ್ರ ತಿಳಿಯಬಲ್ಲವು, ಆದ್ದರಿಂದ ನಡುವೆ ದುಭಾಷಿಯ ಕೆಲಸ ಮಾಡುವ ಡ್ರೈವರ್ ಬೋರ್ಡು ಎಂಬ ಸಣ್ಣ ಹಲಗೆ ಬೇಕಾಗುತ್ತದೆ. ಅದನ್ನು ಕೊಳ್ಳುವ ಮುನ್ನ ಪ್ಯಾನೆಲ್ಲನ್ನು ಹೊರತೆಗೆದು ಬೆನ್ನಿನ ಮೇಲಿನ ಸಂಖ್ಯೆಯನ್ನು ಓದಬೇಕು: ಬಿ156 ಎಂದು ಶುರುವಾದರೆ ಎಯು ಆಪ್ಟ್ರಾನಿಕ್ಸ್, ಎಲ್‌ಪಿ156 ಎಂದರೆ ಎಲ್‌ಜಿ, ಎಲ್‌ಟಿಎನ್156 ಎಂದರೆ ಸ್ಯಾಮ್‌ಸಂಗ್, ಮತ್ತು 156 ಎಂಬುದು 15.6 ಅಂಗುಲದ ಗುರುತು. ಲ್ಯಾಪ್‌ಟಾಪಿನ ಮೇಲೆ ಯಾವ ಕಂಪನಿಯ ಹೆಸರಿದ್ದರೂ ಒಳಗಿನ ತೆರೆ ಈ ಕೆಲವೇ ಮನೆತನಗಳಿಂದ ಬಂದದ್ದು. 2010ಕ್ಕಿಂತ ಹಿಂದಿನ ತೆರೆಗಳಲ್ಲಿ ಬೆಳಕಿಗಾಗಿ ಸಣ್ಣ ಟ್ಯೂಬ್‌ಲೈಟಿನಂಥ ದೀಪವೂ ಅದನ್ನು ಹೊತ್ತಿಸಲು ನೂರಾರು ವೋಲ್ಟು ಹುಟ್ಟಿಸುವ ಇನ್ವರ್ಟರೂ ಇರಬಹುದಾದ್ದರಿಂದ ಅವನ್ನು ಮುಟ್ಟದಿರುವುದೇ ಕ್ಷೇಮ. ಮಿಕ್ಕವುಗಳಲ್ಲಿಯೂ ಹೆಚ್ಚಿನವು 1366×768 ಚುಕ್ಕೆಗಳವು. ಅಂಥದ್ದಕ್ಕೆ ಡ್ರೈವರ್ ಬೋರ್ಡು, 12 ವೋಲ್ಟಿನ ಅಡಾಪ್ಟರು, ಪ್ಲೈವುಡ್ಡಿನದೋ ಅಕ್ರಿಲಿಕ್ಕಿನದೋ ಒಂದು ಚೌಕಟ್ಟು ಇಷ್ಟನ್ನೂ ಕೂಡಿಸಿದಾಗ ಆಗುವ ಖರ್ಚಿನ ಹತ್ತಿರದಲ್ಲೇ ಕಚೇರಿಯಿಂದ ಬಂದ ಹಳೆಯ ಮಾನಿಟರು ಸಿಗುವುದರಿಂದ, 1920×1080ರ ಒಳ್ಳೆಯ ಪ್ಯಾನೆಲ್ಲು ಕೈಯಲ್ಲಿರುವವನು ಮಾತ್ರ ಈ ಸಾಹಸಕ್ಕೆ ಇಳಿಯಬೇಕು. ಆದರೂ ಇಳಿಯುವವರು ಇಳಿಯುತ್ತಲೇ ಇದ್ದಾರೆ, ಸತ್ತ ತೆರೆ ಬೆಳಗುವುದನ್ನು ನೋಡುವ ಖುಷಿಗೆ ಬೆಲೆಪಟ್ಟಿಯಿಲ್ಲ.

ಸಣ್ಣಪುಟ್ಟ ಭಾಗಗಳನ್ನು ಬೇಗ ಮುಗಿಸಬಹುದು. ವೈ-ಫೈ ಕಾರ್ಡು ಒಂದು ಅಡಾಪ್ಟರಿನೊಡನೆ ಡೆಸ್ಕ್‌ಟಾಪಿಗೆ ಹೊಂದುತ್ತದೆ, ಸಿಎನ್‌ವಿಐ ಎಂಬ ಬಗೆಯ ಇಂಟೆಲ್ ಕಾರ್ಡುಗಳಿಗೆ ಮಾತ್ರ ಆ ಬಗೆಯನ್ನು ಬಲ್ಲ ಬೋರ್ಡೇ ಬೇಕು. ವೆಬ್‌ಕ್ಯಾಮು ಒಳಗಿಂದೊಳಗೆ ಯುಎಸ್‌ಬಿಯೇ ಆಗಿದ್ದು, ಅದು ಬೇಡುವ ವೋಲ್ಟೇಜನ್ನು ತಿಳಿದು ನಾಲ್ಕು ತಂತಿ ಬೆಸೆದರೆ ಬದುಕುತ್ತದೆ. ಕೀಲಿಮಣೆ ಗುಜರಿಗೆ. ಫ್ಯಾನು 5 ವೋಲ್ಟಿನದು, ಡೆಸ್ಕ್‌ಟಾಪಿನವು 12 ವೋಲ್ಟಿನವು, ಆದ್ದರಿಂದ ಅದೂ ಗುಜರಿಗೆ.

ಪ್ರೊಸೆಸರಿನ ಆಸೆಯನ್ನು ಮೊದಲೇ ಬಿಡುವುದು ಒಳ್ಳೆಯದು. ಇಂಟೆಲ್‌ನ ನಾಲ್ಕನೆಯ ತಲೆಮಾರಿನವರೆಗೆ ಕೆಲವು ಲ್ಯಾಪ್‌ಟಾಪುಗಳಲ್ಲಿ ಅದನ್ನು ಸಾಕೆಟ್ಟಿನಿಂದ ಎತ್ತಿ ತೆಗೆಯಬಹುದಾಗಿತ್ತು, ಆದರೆ ಆ ಸಾಕೆಟ್ಟು ಡೆಸ್ಕ್‌ಟಾಪಿನದಲ್ಲ. ಐದನೆಯ ತಲೆಮಾರಿನಿಂದ ಅದು ಬೋರ್ಡಿಗೇ ಬೆಸೆದುಹೋಗಿದೆ. ಹಾಗಾಗಿ ಪ್ರೊಸೆಸರು ಮತ್ತು ಬೋರ್ಡಿನ ಜೋಡಿಯನ್ನು ಪೇಟೆಯಿಂದಲೇ ತರಬೇಕು, ಅಲ್ಲಿಯೂ ಒಂದು ಹೊಂಡವಿದೆ: ಆರು, ಏಳು, ಎಂಟು, ಒಂಬತ್ತನೆಯ ತಲೆಮಾರಿನ ಇಂಟೆಲ್ ಪ್ರೊಸೆಸರುಗಳೆಲ್ಲ ಎಲ್‌ಜಿಎ1151 ಎಂಬ ಒಂದೇ ಹೆಸರಿನ ಸಾಕೆಟ್ಟಿಗೆ ಕೂರುತ್ತವಾದರೂ, ಆರು ಮತ್ತು ಏಳನೆಯವಕ್ಕಾಗಿ ಮಾಡಿದ ಬೋರ್ಡಿನಲ್ಲಿ ಎಂಟನೆಯದು ಕೂತಷ್ಟೇ ಸುಖ, ಏಳುವುದಿಲ್ಲ. ಈ ಎಂಟನೆಯ ತಲೆಮಾರೇ ಇನ್ನೊಂದು ಗಡಿಯೂ ಹೌದು. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು, ವಿಂಡೋಸ್ 11 ಅಧಿಕೃತವಾಗಿ ಎಂಟನೆಯ ತಲೆಮಾರನ್ನೂ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ ಕೇಳುತ್ತದೆ. ಇದರಿಂದಾಗಿ ಏಳನೆಯ ತಲೆಮಾರಿನವರೆಗಿನ ಯಂತ್ರಗಳು ಕಚೇರಿಗಳಿಂದ ರಾಶಿ ರಾಶಿಯಾಗಿ ಹೊರಬರುವುದು ಸಹಜ, ಅವುಗಳ ಬೆಲೆ ಇಳಿಯುವುದೂ ಸಹಜ. ಲಿನಕ್ಸ್ ಬಳಸಲು ಸಿದ್ಧನಿರುವವನಿಗೆ ಈ ಗಡಿ ಅನ್ವಯಿಸುವುದಿಲ್ಲ. ಸಿ-ಡ್ಯಾಕ್ 2007ರಿಂದ ರೂಪಿಸುತ್ತಿರುವ ಬಾಸ್ ಎಂಬ ಭಾರತೀಯ ಲಿನಕ್ಸಿನಲ್ಲಾಗಲಿ ಮಿಂಟ್, ಉಬುಂಟುಗಳಲ್ಲಾಗಲಿ ಮರಾಠಿಯನ್ನೂ ಕನ್ನಡವನ್ನೂ ಇನ್‌ಸ್ಕ್ರಿಪ್ಟ್ ಕೀಲಿಮಣೆಯಿಂದ ತೊಡಕಿಲ್ಲದೆ ಬರೆಯಬಹುದು; ತೊಡಕಿರುವುದು ಲೆಕ್ಕಪತ್ರದ ತಂತ್ರಾಂಶ ವಿಂಡೋಸನ್ನೇ ಕೇಳುವ ಲೇತಿನ ಒಡೆಯನಿಗೆ.

ಹೊಸದಾಗಿ ಎಲ್ಲಿ ಹಣ ಹಾಕಬೇಕು ಎಂಬ ಪ್ರಶ್ನೆಗೆ ಸಂಭಾಜಿನಗರದ ಹಿಮ್ರೂ ಬಟ್ಟೆಯೇ ಉತ್ತರ ಹೇಳುತ್ತದೆ. ತುಘಲಕ್ ದೊರೆ ರಾಜಧಾನಿಯನ್ನು ದೌಲತಾಬಾದಿಗೆ ಬದಲಿಸಿದಾಗ ಬಂದ ನೇಕಾರರಿಂದ ಬೆಳೆಯಿತೆಂದು ಹೇಳಲಾಗುವ ಈ ನೇಯ್ಗೆ, ಜರತಾರಿಯ ಕಿಂಖಾಬಿನ ಬೆಡಗನ್ನು ಕಡಮೆ ಬೆಲೆಯಲ್ಲಿ ಕೊಡುವುದಕ್ಕಾಗಿ ಹತ್ತಿಯ ನೆಲದ ಮೇಲೆ ರೇಷ್ಮೆಯ ಬಣ್ಣಗಳನ್ನು ಆಡಿಸುತ್ತದೆ. ಹೂವು ಮೂಡುವಲ್ಲಿ ರೇಷ್ಮೆ, ಮೈ ನಿಲ್ಲುವಲ್ಲಿ ಹತ್ತಿ, ಆದರೆ ಆ ಹತ್ತಿಯ ಎಳೆ ಮಾತ್ರ ಗಟ್ಟಿಯಾಗಿಯೇ ಇರಬೇಕು. ಡೆಸ್ಕ್‌ಟಾಪಿನಲ್ಲಿ ಆ ಎಳೆಯೆಂದರೆ ಎಸ್‌ಎಂಪಿಎಸ್, ಅಂದರೆ ಗೋಡೆಯ 230 ವೋಲ್ಟನ್ನು ಬೋರ್ಡಿಗೆ ಬೇಕಾದ 12, 5 ಮತ್ತು 3.3 ವೋಲ್ಟಿನ ನೇರ ವಿದ್ಯುತ್ತಾಗಿ ಮಾರ್ಪಡಿಸುವ ಪೆಟ್ಟಿಗೆ. ಹಳೆಯ ಮೆಮೊರಿ ಕೆಟ್ಟರೆ ಮೆಮೊರಿ ಮಾತ್ರ ಹೋಗುತ್ತದೆ, ಹಳೆಯ ಡ್ರೈವ್ ಕೆಟ್ಟರೆ ಅದರೊಳಗಿನ ಮಾಹಿತಿ ಹೋಗುತ್ತದೆ, ಎಸ್‌ಎಂಪಿಎಸ್ ಕೆಟ್ಟರೆ ತಾನೊಬ್ಬನೇ ಹೋಗದೆ ಬೋರ್ಡು, ಡ್ರೈವುಗಳನ್ನೂ ಜತೆಗೆ ಕರೆದೊಯ್ಯಬಹುದು. ಅಗ್ಗದ ಕ್ಯಾಬಿನೆಟ್ಟಿನೊಡನೆ ಉಚಿತವೆಂಬಂತೆ ಬರುವ ಪೆಟ್ಟಿಗೆಯ ಮೇಲೆ 450 ವ್ಯಾಟ್ ಎಂದು ಬರೆದಿದ್ದರೂ ಅಷ್ಟನ್ನು ಎಡೆಬಿಡದೆ ಕೊಡುವ ಶಕ್ತಿ ಅದಕ್ಕಿದೆಯೆಂದು ನಂಬುವುದಕ್ಕೆ ಆಧಾರವಿರುವುದಿಲ್ಲ, ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದಾಗ ಹಗುರವೆನಿಸುವುದೇ ಮೊದಲ ಅನುಮಾನ. ಮೇ ತಿಂಗಳಲ್ಲಿ ಪಾದರಸ 40 ಡಿಗ್ರಿ ದಾಟುವ ಮರಾಠವಾಡಾದ ಧೂಳಿನಲ್ಲಿ ಆ ಅನುಮಾನ ನಿಜವಾಗಲು ಬಹಳ ಕಾಲ ಬೇಕಾಗದು. 80 ಪ್ಲಸ್ ಎಂಬ ದಕ್ಷತೆಯ ಪ್ರಮಾಣಪತ್ರವುಳ್ಳ ಹೊಸ ಎಸ್‌ಎಂಪಿಎಸ್ಸನ್ನು ಕೊಂಡು, ಪ್ರೊಸೆಸರಿನ ಮೇಲೆ ಹೊಸ ಥರ್ಮಲ್ ಪೇಸ್ಟ್ ಸವರಿ, ಬೋರ್ಡಿನ ಗಡಿಯಾರವನ್ನು ನಡೆಸುವ ಸಿಆರ್2032 ಸೆಲ್ಲನ್ನು ಬದಲಿಸಿದರೆ ಹೊಸದಕ್ಕೆ ಸಲ್ಲಬೇಕಾದ ಖರ್ಚು ಬಹುಮಟ್ಟಿಗೆ ಸಂದಂತೆ.

ಹಳೆಯ ಮಾಲಿಗೆ ಅಂಗಡಿಯವನು ಕೊಡುವ ಭರವಸೆಯ ಹೆಸರು ಟೆಸ್ಟಿಂಗ್ ವಾರಂಟಿ. ಕೆಲವೇ ದಿನಗಳ ಆ ಅವಧಿಯಲ್ಲಿ ಮಾಲು ಕೆಟ್ಟರೆ ಬದಲಿಸಿಕೊಡುತ್ತಾನೆ, ಅನಂತರ ಕೊಂಡವನ ಹಣೆಬರಹ. ಆದ್ದರಿಂದ ಪರೀಕ್ಷೆಗಳನ್ನೆಲ್ಲ ಆ ದಿನಗಳೊಳಗೇ ಮುಗಿಸಬೇಕು: ಮೆಮೊರಿಯನ್ನು ಮೆಮ್‌ಟೆಸ್ಟ್ ಎಂಬ ತಂತ್ರಾಂಶಕ್ಕೆ ಒಪ್ಪಿಸಿ ಒಂದು ರಾತ್ರಿ ಓಡಿಸುವುದು, ಡ್ರೈವಿನೊಳಗೇ ದಾಖಲಾಗಿರುವ ಸ್ಮಾರ್ಟ್ ಎಂಬ ಆರೋಗ್ಯಪತ್ರವನ್ನು ತೆರೆದು ಅದು ಎಷ್ಟು ಗಂಟೆ ದುಡಿದಿದೆ, ಕೆಟ್ಟ ಜಾಗಗಳನ್ನು ಬಿಟ್ಟು ಬೇರೆಡೆಗೆ ಎಷ್ಟು ಸಲ ಬರೆದಿದೆ ಎಂದು ನೋಡುವುದು, ಬೋರ್ಡಿನ ಕೆಪಾಸಿಟರುಗಳ ತಲೆ ಉಬ್ಬಿದೆಯೇ ಎಂದು ಬೆಳಕಿಗೆ ಹಿಡಿಯುವುದು. ಗಂಟೆಗಳ ಲೆಕ್ಕದಲ್ಲಿ ಡ್ರೈವ್ ಸಾಮಾನ್ಯವಾಗಿ ಸುಳ್ಳು ಹೇಳುವುದಿಲ್ಲ, ಮಾರುವವರ ಬಗ್ಗೆ ಹಾಗೆ ಹೇಳಲಾಗದು.

ಅದೇ ಡ್ರೈವ್ ಇನ್ನೊಬ್ಬರ ಕೈಸೇರುವಾಗ ಬೇರೊಂದು ಎಚ್ಚರ ಬೇಕು. ಆನ್‌ಲೈನ್ ಅರ್ಜಿ ತುಂಬುವ ಅಂಗಡಿಯೊಂದರ ಹಳೆಯ ಲ್ಯಾಪ್‌ಟಾಪೆಂದರೆ ನೂರಾರು ಜನರ ಆಧಾರ್ ಪ್ರತಿ, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ಕಿನ ಚಿತ್ರಗಳ ಉಗ್ರಾಣ, ಮತ್ತು ಡಿಲೀಟ್ ಒತ್ತಿದ ಮಾತ್ರಕ್ಕೆ ಅವು ಅಳಿಯುವುದಿಲ್ಲ. ಹಾಗೆ ಮಾಡಿದಾಗ ಹೋಗುವುದು ಕಡತದ ವಿಳಾಸ ಮಾತ್ರ. ತಟ್ಟೆಯ ಡ್ರೈವಿನ ಮೇಲೆ ಆದ್ಯಂತವಾಗಿ ಸೊನ್ನೆಗಳನ್ನು ಬರೆದರೆ ಸಾಕಾಗುತ್ತದೆ, ಬರವಣಿಗೆಯನ್ನು ತನ್ನಿಷ್ಟದಂತೆ ಬೇರೆ ಬೇರೆ ಚಿಪ್ಪುಗಳಿಗೆ ಹಂಚುವ ಎಸ್‌ಎಸ್‌ಡಿಗೆ ಅದರದೇ ಆದ ಸೆಕ್ಯೂರ್ ಇರೇಸ್ ಆಜ್ಞೆಯನ್ನು ಕೊಡಬೇಕು.

ಬ್ಯಾಟರಿಗೆ ಡೆಸ್ಕ್‌ಟಾಪಿನಲ್ಲಿ ಜಾಗವಿಲ್ಲ. ಹಳೆಯ ಲ್ಯಾಪ್‌ಟಾಪುಗಳ ಬ್ಯಾಟರಿಯೊಳಗೆ ಇರುವ 18650 ಎಂಬ ಸೆಲ್ಲುಗಳು, ಅಂದರೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಲಿಥಿಯಂ-ಅಯಾನ್ ಕೊಳವೆಗಳು, ಬಿಡಿಸಿ ಪವರ್‌ಬ್ಯಾಂಕ್ ಮಾಡುವ ಹುರುಪನ್ನು ಹುಡುಗರಲ್ಲಿ ಹುಟ್ಟಿಸುತ್ತವೆ. ಆದರೆ ವರ್ಷಗಟ್ಟಲೆ ಅಟ್ಟದಲ್ಲಿದ್ದು ತೀರ ಬರಿದಾದ ಸೆಲ್ಲನ್ನು ಮತ್ತೆ ಚಾರ್ಜಿಗೆ ಹಾಕುವುದು ಬೆಂಕಿಯೊಡನೆ ಸರಸ. ಉಬ್ಬಿದ್ದನ್ನಂತೂ ಚುಚ್ಚಬಾರದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಬ್ಯಾಟರಿಯ ಮಟ್ಟಿಗೆ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಉಳಿದ ಭಾಗಗಳ ಮಟ್ಟಿಗೆ, ಹಳೆಯ ಮಾಲಿನ ಹೊಣೆಯನ್ನು ತಯಾರಕನ ಮೇಲೂ ನೋಂದಾಯಿತ ಮರುಬಳಕೆದಾರರ ಮೇಲೂ ಹೊರಿಸಿವೆ. ಬಾಗಿಲಿಗೆ ಬರುವ ಗುಜರಿ ಗಾಡಿಗೂ ಆ ನೋಂದಣಿಗೂ ನಡುವಿನ ದಾರಿ ಮಾತ್ರ ಎರಡು ನಗರಗಳ ನಡುವಿನ ಹಾದಿಗಿಂತ ಉದ್ದವಾಗಿಯೇ ಉಳಿದಿದೆ.

ಇಷ್ಟೆಲ್ಲ ಹೇಳಿದ ಮೇಲೆ ಒಪ್ಪಿಕೊಳ್ಳಬೇಕಾದ ಸಂಗತಿಯೆಂದರೆ, ಬಿಚ್ಚಿ ಕಟ್ಟುವ ಈ ವಿದ್ಯೆಯ ಕಚ್ಚಾಮಾಲು ಬತ್ತುತ್ತಿದೆ. ತೆಳ್ಳಗಿನ ಲ್ಯಾಪ್‌ಟಾಪುಗಳಲ್ಲಿ ಈಗ ಮೆಮೊರಿಯನ್ನೂ ಬೋರ್ಡಿಗೇ ಬೆಸೆಯುತ್ತಾರೆ. ಎಲ್‌ಪಿಡಿಡಿಆರ್ ಎಂಬ ಕಡಮೆ ವಿದ್ಯುತ್ತಿನ ಆ ಬಗೆಗೆ ಪಟ್ಟಿಯೂ ಇಲ್ಲ, ಕಚ್ಚೂ ಇಲ್ಲ. ಜೆಡೆಕ್ 2023ರ ಡಿಸೆಂಬರಿನಲ್ಲಿ ಕ್ಯಾಮ್2 ಎಂಬ ಬಿಚ್ಚಬಹುದಾದ ಹೊಸ ಮಾನಕವನ್ನು ಪ್ರಕಟಿಸಿದ್ದರೂ ಅದು ಅಗ್ಗದ ಯಂತ್ರಗಳವರೆಗೆ ಇಳಿದಿಲ್ಲ. ಇಂದು ಅಂಗಡಿಯಿಂದ ಹೊರಬರುವ ಇಂಥ ಲ್ಯಾಪ್‌ಟಾಪು ಮುಂದಿನ ದಶಕದಲ್ಲಿ ಕೆನಡಾ ಕಾರ್ನರಿನ ದುರಸ್ತಿ ಮೇಜಿಗೆ ಬಂದಾಗ ಅದರಿಂದ ಎತ್ತಿಕೊಳ್ಳಬಹುದಾದದ್ದು ಒಂದು ಎಂ.2 ಡ್ರೈವ್ ಮಾತ್ರ.

ಬೋರ್ಡು ಬದುಕಿದ್ದು ತೆರೆಯೋ ಕೀಲೋ ಮುರಿದಿರುವ ಯಂತ್ರಕ್ಕೆ ಆಗ ಉಳಿಯುವ ಉಪಾಯ ತಿರುವುಮುರುವಾದದ್ದು: ಭಾಗಗಳನ್ನು ಬೇರೆ ಬೋರ್ಡಿಗೆ ಒಯ್ಯುವ ಬದಲು ಬೋರ್ಡನ್ನೇ ಇಡಿಯಾಗಿ ಡೆಸ್ಕ್‌ಟಾಪು ಮಾಡುವುದು. ಮುಚ್ಚಳವನ್ನು ಕಳಚಿ, ಬ್ಯಾಟರಿಯನ್ನು ತೆಗೆದು, ಕೆಳಮೈಯನ್ನು ಮಾನಿಟರಿನ ಹಿಂದೆ ನಿಲ್ಲಿಸಿ ಎಚ್‌ಡಿಎಂಐ ತಂತಿ ಚುಚ್ಚಿದರೆ ಯಂತ್ರ ಎಂದಿನಂತೆ ದುಡಿಯುತ್ತದೆ. ಹಾಗೆ ಮಾಡುವವರು ಎರಡು ವಿಷಯಗಳನ್ನು ಗಮನಿಸಬೇಕಾಗುತ್ತದೆ. ಕೆಲವು ಮಾದರಿಗಳು ಬ್ಯಾಟರಿ ಇಲ್ಲದಿದ್ದಾಗ ಪ್ರೊಸೆಸರಿನ ವೇಗವನ್ನು ತಾವಾಗಿ ತಗ್ಗಿಸುತ್ತವೆ, ಆದ್ದರಿಂದ ಚಾರ್ಜರು ಕಂಪನಿಯದೇ ಆಗಿದ್ದು ಪೂರ್ಣ ವ್ಯಾಟಿನದಾಗಿರುವುದು ಒಳ್ಳೆಯದು. ವೈ-ಫೈನ ಕಪ್ಪು ಬಿಳಿ ಆಂಟೆನಾ ತಂತಿಗಳು ಸಾಮಾನ್ಯವಾಗಿ ತೆರೆಯ ಸುತ್ತಲಿನ ಚೌಕಟ್ಟಿನಲ್ಲಿ ಹುದುಗಿರುವುದರಿಂದ ಮುಚ್ಚಳವನ್ನು ಗುಜರಿಗೆ ಹಾಕುವ ಮುನ್ನ ಅವನ್ನು ಬಿಡಿಸಿಕೊಂಡು, ಲೋಹಕ್ಕೆ ತಾಗದ ಹಾಗೆ ಮಾನಿಟರಿನ ಬೆನ್ನಿಗೆ ಅಂಟಿಸಬೇಕು.